ದಣಾಯಕನಕೋಟೆಯಿಂದ ಕೋತಗಿರಿಗೆ: ಒಂದು ಹಳೆಯ ಹಾದಿಯ ಕಥೆ



ನಮ್ಮ ಶಿವನ ಗುಡಿಯ ಜಾತ್ರಾ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಉತ್ಸವ ಸಮಿತಿಯವರು ಕೇಳಿದಾಗ ನಾನು ಹಿಂಜರಿದೆ. ನಾನು ಓದಿದ್ದು ಎಸ್.ಎಸ್.ಎಲ್.ಸಿ.ಯವರೆಗೆ ಮಾತ್ರ, ಅದೂ ತಾಳವಾಡಿಯ ಕನ್ನಡ ಶಾಲೆಯಲ್ಲಿ. ಅಲ್ಲಿಂದೀಚೆಗೆ ಕೋತಗಿರಿ ಪೇಟೆಯಲ್ಲಿ ದಿನಸಿ ಅಂಗಡಿಯ ತಕ್ಕಡಿ ಹಿಡಿದವನು. ಪಂಡಿತರು ಬರೆಯಬೇಕಾದ ಜಾಗದಲ್ಲಿ ನಾನೇಕೆ ಎಂದೆ. ಆದರೆ ಸಮಿತಿಯ ಹಿರಿಯರೊಬ್ಬರು, "ನಿಮ್ಮ ಅಜ್ಜ ನಡೆದು ಬಂದ ಹಾದಿಯ ವಿಚಾರ ಬರೆಯಿರಿ, ಅದು ನಿಮಗಲ್ಲದೆ ಬೇರೆಯವರಿಗೆ ಆಗದು" ಎಂದರು. ಆ ಮಾತಿಗೆ ಕಟ್ಟುಬಿದ್ದು ಬರೆಯುತ್ತಿದ್ದೇನೆ. ತಪ್ಪಿದ್ದರೆ ಭಕ್ತರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನೀಲಗಿರಿಯನ್ನು "ಕಂಡುಹಿಡಿದವರು" ಯಾರು ಎಂದು ಶಾಲೆಯ ಮಕ್ಕಳನ್ನು ಕೇಳಿದರೆ ಜಾನ್ ಸಲ್ಲಿವನ್ ಎಂಬ ಆಂಗ್ಲ ಕಲೆಕ್ಟರ್ ಎಂದು ಥಟ್ಟನೆ ಹೇಳುತ್ತಾರೆ. 1819ರಲ್ಲಿ ಆತ ತನ್ನ ತಂಡದೊಡನೆ ಬೆಟ್ಟ ಹತ್ತಿದ್ದು ನಿಜ. ಆತನ ಬಂಗಲೆ ನಮ್ಮ ಪಕ್ಕದ ಕನ್ನೇರಿಮುಕ್ಕಿನಲ್ಲಿ ಇಂದಿಗೂ ಇರುವುದೂ ನಿಜ. ಆದರೆ ಆತ ಹತ್ತಿದ ಹಾದಿ ಯಾರದು? ಆ ಹಾದಿಯನ್ನು ಮೊದಲು ಸವೆಸಿದವರು ಯಾರು? ಇಂದು ಅದರ ಗತಿ ಏನಾಗಿದೆ? ಇದು ನಮ್ಮ ಗುಡಿಗೂ ಸಂಬಂಧಪಟ್ಟ ವಿಚಾರವೆಂಬುದನ್ನು ಕೊನೆಯಲ್ಲಿ ನಿವೇದಿಸಿಕೊಳ್ಳುತ್ತೇನೆ.

ನೀರಿನ ಕೆಳಗಿನ ಕೋಟೆ

ಸತ್ಯಮಂಗಲದ ಕಡೆಯಿಂದ ಮೆಟ್ಟುಪಾಳ್ಯಕ್ಕೆ ಬರುವವರು ಭವಾನಿಸಾಗರ ಅಣೆಕಟ್ಟನ್ನು ನೋಡಿಯೇ ಇರುತ್ತೀರಿ. ಭವಾನಿ ನದಿಯೂ ಮೋಯಾರ್ ಹೊಳೆಯೂ ಕೂಡುವಲ್ಲಿ 1948ರಲ್ಲಿ ಕೆಲಸ ಆರಂಭವಾಗಿ 1955ರಲ್ಲಿ ಮುಗಿದ ಈ ಮಣ್ಣಿನ ಅಣೆ ಸುಮಾರು ಎಂಟು ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. ಅದರ ನೀರಿನ ಕೆಳಗೆ ಒಂದು ಊರು ಮಲಗಿದೆ. ಅದೇ ದಣಾಯಕನಕೋಟೆ. ಬೇಸಿಗೆಯಲ್ಲಿ ಮಳೆ ಕೈಕೊಟ್ಟ ವರ್ಷ ನೀರು ತಳ ಕಂಡಾಗ ಹಳೆಯ ಕಲ್ಲು ಗುಡಿಯ ಗೋಡೆಗಳು, ಕಂಬಗಳು ಮೇಲೆದ್ದು ಕಾಣುತ್ತವೆ. ಜನ ಹೋಗಿ ಕೈಮುಗಿದು ಬರುತ್ತಾರೆ. ಮಳೆ ಬಂದ ಮೇಲೆ ಸ್ವಾಮಿ ಮತ್ತೆ ಜಲವಾಸಕ್ಕೆ ಹೋಗುತ್ತಾನೆ.

ದಣಾಯಕ ಎಂದರೆ ದಂಡನಾಯಕ, ಸೇನಾಪತಿ. ಹೊಯ್ಸಳ ದೊರೆ ಮೂರನೆಯ ಬಲ್ಲಾಳನ ಕಾಲದಲ್ಲಿ ಈ ಸೀಮೆಯನ್ನು ಆಳಿದ ಮಾಧವ ದಂಡನಾಯಕನ ನೆನಪು ಆ ಹೆಸರಿನಲ್ಲಿದೆ. ತೆರಕಣಾಂಬಿಯಿಂದ ಸತ್ಯಮಂಗಲದವರೆಗಿನ ನಾಡು ಈ ದಣಾಯಕರ ಕೈಯಲ್ಲಿತ್ತು. ನೀಲಗಿರಿಯನ್ನು ಗೆದ್ದವರೆಂಬ ಬಿರುದೂ ಅವರಿಗಿತ್ತು. ಇಂದು ಇದು ತಮಿಳುನಾಡಿನ ಈರೋಡು ಜಿಲ್ಲೆ. ಆದರೂ ಊರಿನ ಹೆಸರನ್ನು ಉಚ್ಚರಿಸಿದೊಡನೆ ಕನ್ನಡ ನಾಡಿನ ನೆನಪಾಗುತ್ತದೆ.

ನಮ್ಮ ಅಜ್ಜ ತಾಳವಾಡಿಯವರು. ಅಣೆ ಕಟ್ಟುವ ಮುಂಚೆ ಎತ್ತಿನ ಮೇಲೆ ರಾಗಿ, ಬೆಲ್ಲ, ಉಪ್ಪು, ಹೊಗೆಸೊಪ್ಪು ಹೇರಿಕೊಂಡು ತಾಳಮಲೆಯ ಕಡೆಯಿಂದ ಇಳಿದು, ಮೋಯಾರ್ ದಾಟಿ, ದಣಾಯಕನಕೋಟೆಯಲ್ಲಿ ಒಂದು ರಾತ್ರಿ ತಂಗುತ್ತಿದ್ದರು. ಬೆಳಗಿನ ಜಾವ ಅಲ್ಲಿಯ ಗುಡಿಯ ಮುಂದೆ ಒಂದು ತೆಂಗಿನಕಾಯಿ ಒಡೆದು ದೇನಾಡಿನ ಏರು ಹಿಡಿಯುತ್ತಿದ್ದರಂತೆ. "ಕಾಯಿ ಒಡೆಯದೆ ಏರು ಹತ್ತಿದವನ ಎತ್ತು ಕಾಲು ಜಾರುತ್ತದೆ" ಎಂಬುದು ಅವರ ಮಾತು. ಸಾವಿರ ಅಡಿಗೂ ಕಡಿಮೆ ಎತ್ತರದ ಬಯಲಿನಿಂದ ಸುಮಾರು ಆರು ಸಾವಿರ ಅಡಿ ಎತ್ತರದ ಕೋತಗಿರಿಗೆ ಹತ್ತಬೇಕು. ಹಾದಿಯಲ್ಲಿ ಆನೆ, ಚಿರತೆ, ಮಲೇರಿಯಾ ಜ್ವರ. ಹಾಗಾಗಿ ದೇವರ ನೆನಪು ತಾನಾಗಿಯೇ ಬರುತ್ತಿತ್ತು.

ಶಾಸನ ಹೇಳುವ ಮಾತು

ನೀಲಗಿರಿಯ ವಿಚಾರ ಬರಹದಲ್ಲಿ ಸಿಗುವುದು ಯಾವಾಗಿನಿಂದ ಎಂದು ಹುಡುಕಿದರೆ ಅದೂ ಕನ್ನಡಕ್ಕೇ ಬಂದು ನಿಲ್ಲುತ್ತದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು 1117ರಲ್ಲಿ ಚಾಮರಾಜನಗರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅಲ್ಲಿಯ ಶಾಸನ ಅವನ ಸಾಹಸಗಳನ್ನು ಹೇಳುವಾಗ ತೊದವರನ್ನು ಹೆದರಿಸಿದ್ದನ್ನೂ ನೀಲಗಿರಿಯನ್ನು ವಶಪಡಿಸಿಕೊಂಡದ್ದನ್ನೂ ಹೇಳುತ್ತದೆ. ತೊದವರೆಂದರೆ ಇಂದು ನಾವು ಎಮ್ಮೆಯ ಮಂದೆಯೊಡನೆ ಕಾಣುವ ತೊದ ಜನರು. ಅವರ ಹೆಸರು ಬರಹದಲ್ಲಿ ಬರುವ ಅತ್ಯಂತ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಸಲ್ಲಿವನ್ ಸಾಹೇಬರಿಗಿಂತ 702 ವರ್ಷ ಮೊದಲು!

ಆ ಬಳಿಕ ವಿಜಯನಗರದ ಕಾಲ ಬಂತು. ಉಮ್ಮತ್ತೂರಿನ ಒಡೆಯರ ಅಧಿಕಾರ ಬೆಟ್ಟದ ಮೇಲೂ ನಡೆಯಿತು. ಬೆಟ್ಟದ ಅಂಚಿನಲ್ಲಿರುವ ಹುಲಿಕಲ್ ದುರ್ಗ, ಮಲೆಕೋಟೆ, ಕೆಳಕೋತಗಿರಿ ಕಡೆಯ ಉದಯರಾಯನ ಕೋಟೆ ಇವೆಲ್ಲ ಆ ಪಾಳೆಯಗಾರರ ನೆನಪಿನ ಜಾಗಗಳು. ವಿಜಯನಗರ 1565ರಲ್ಲಿ ಸೋತ ಮೇಲೆ ಬಯಲಿನಲ್ಲಿ ಗಲಭೆ ಹೆಚ್ಚಿ, ಮೈಸೂರು ಸೀಮೆಯ ಒಕ್ಕಲು ಮಕ್ಕಳು ಗುಂಪು ಗುಂಪಾಗಿ ಬೆಟ್ಟ ಹತ್ತಿದರೆಂದು ಬಡಗರ ಹಿರಿಯರು ಹೇಳುತ್ತಾರೆ. ಬಡಗ ಎಂದರೆ ಬಡಗಣ ದಿಕ್ಕಿನವನು. ಹೆಸರಿನಲ್ಲಿಯೇ ಬಂದ ದಿಕ್ಕಿದೆ. ಅವರ ನುಡಿ ಕನ್ನಡಕ್ಕೆ ಬಹಳ ಹತ್ತಿರದ್ದು. ಆದರೂ ಅದು ತಮ್ಮದೇ ಬೇರೆ ನುಡಿ ಎಂದು ಅವರು ಹೇಳುತ್ತಾರೆ. ಆ ಅಭಿಮಾನವನ್ನು ನಾವು ಗೌರವಿಸಬೇಕು. ಅಂಗಡಿಯಲ್ಲಿ ನಾನು ಕನ್ನಡದಲ್ಲಿ ಕೇಳುತ್ತೇನೆ, ಅವರು ಬಡಗದಲ್ಲಿ ಉತ್ತರಿಸುತ್ತಾರೆ, ವ್ಯಾಪಾರ ನಿಂತದ್ದಿಲ್ಲ. ಹೆತ್ತೆಯಮ್ಮನ ಹಬ್ಬದ ದಿನ ಬೆರಗಣಿಗೆ ಹೋಗುವ ಬಿಳಿ ಬಟ್ಟೆಯ ಭಕ್ತರ ಸಾಲನ್ನು ನೋಡಿದರೆ ಆ ವಲಸೆಯೇ ಮತ್ತೆ ನಡೆದು ಹೋಗುತ್ತಿರುವಂತೆ ನನಗೆ ಕಾಣುತ್ತದೆ.

ಕಾಗದದ ಮೇಲೆ ಬೆಟ್ಟ

ಬೆಟ್ಟ ಹತ್ತಿ ಬಂದು ಅದರ ವಿಚಾರ ಬರೆದಿಟ್ಟ ಮೊದಲ ಯುರೋಪಿಯನ್ನರಲ್ಲಿ ಫೆನಿಸಿಯೊ ಎಂಬ ಕ್ರೈಸ್ತ ಪಾದ್ರಿ ಮುಖ್ಯನು. ಆತ 1603ರಲ್ಲಿ ಮಲೆಯಾಳದ ಕಡೆಯಿಂದ ಬಂದನು. ಬೆಟ್ಟದ ಮೇಲೆ ಹಳೆಯ ಕ್ರೈಸ್ತರು ಇದ್ದಾರೆಂಬ ಸುದ್ದಿ ಕೇಳಿ ಬಂದ ಆತನಿಗೆ ಸಿಕ್ಕಿದ್ದು ತೊದರೂ ಬಡಗರೂ. ಆ ಕಾಲಕ್ಕಾಗಲೇ ಬಡಗರು ಇಲ್ಲಿ ನೆಲೆ ನಿಂತಿದ್ದರೆಂಬುದಕ್ಕೆ ಆತನ ಬರಹವೇ ಸಾಕ್ಷಿ. ಆಮೇಲೆ ಇನ್ನೂರು ವರ್ಷಗಳ ಕಾಲ ಯುರೋಪಿನವರು ಈ ಬೆಟ್ಟವನ್ನು ಹೆಚ್ಚುಕಡಿಮೆ ಮರೆತೇಬಿಟ್ಟರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ ಮೇಲೆ ಕೊಯಮತ್ತೂರು ಸೀಮೆಯೊಡನೆ ನೀಲಗಿರಿಯೂ ಕಂಪನಿ ಸರ್ಕಾರದ ಪಾಲಾಯಿತು. ಮರುವರ್ಷ, ಅಂದರೆ 1800ರಲ್ಲಿ, ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಎಂಬುವರು ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತುತ್ತಾ ದಣಾಯಕನಕೋಟೆಗೂ ಬಂದರು. ಊರೂರಿನ ಬೆಳೆ, ಕಸುಬು, ತೆರಿಗೆ ಎಲ್ಲವನ್ನೂ ಬರೆದುಕೊಂಡವರು ಅವರು. ಹತ್ತಿರದ ಒಂದು ಬೆಟ್ಟ ಹತ್ತಿ ನೋಡಿದರೇ ವಿನಾ ನೀಲಗಿರಿಯ ಮೇಲ್ನಾಡಿಗೆ ಬರಲಿಲ್ಲ.

ಇಲ್ಲಿ ಒಂದು ಮಾತು ಗಮನಾರ್ಹ. ಬಿಳಿಯರು ಹತ್ತದಿದ್ದರೂ ಕಂದಾಯ ಮಾತ್ರ ಬೆಟ್ಟದಿಂದ ಇಳಿಯುತ್ತಲೇ ಇತ್ತು! ತೊದನಾಡು, ಪೊರಂಗನಾಡು, ಮೇಕನಾಡು, ಕುಂದೆನಾಡು ಎಂಬ ವಿಭಾಗಗಳ ಹಟ್ಟಿಗಳಿಂದ ತೆರಿಗೆಯ ಹಣ ದಣಾಯಕನಕೋಟೆಯ ಕಚೇರಿಗೆ ಸೇರುತ್ತಿತ್ತು. ಅಂದ ಮೇಲೆ ಹೋಗಿ ಬರಲು ಹಾದಿ ಇತ್ತು, ಹಾದಿ ಬಲ್ಲವರಿದ್ದರು. ಆ ಹಾದಿಯೇ ದೇನಾಡಿನ ಏರು.

1812ರಲ್ಲಿ ಕೊಯಮತ್ತೂರು ಕಲೆಕ್ಟರ್ ಆಗಿದ್ದ ಗ್ಯಾರೋ ಎಂಬುವರು ಸರ್ವೆ ಇಲಾಖೆಯ ವಿಲಿಯಂ ಕೀಸ್ ಮತ್ತು ಮ್ಯಾಕ್‌ಮಹೋನ್ ಎಂಬ ಇಬ್ಬರನ್ನು ಬೆಟ್ಟಕ್ಕೆ ಕಳಿಸಿದರು. ಅವರು ದಣಾಯಕನಕೋಟೆಯಿಂದ ದೇನಾಡಿನ ಮೇಲೆ ಕೋತಗಿರಿ ಕಡೆಗೆ ಬಂದರು. ಊರುಗಳು, ಜನ, ಬೆಳೆ, ಹವೆ ಎಲ್ಲದರ ವರದಿಯನ್ನು ಕೀಸ್ ಬರೆದು ಕೊಟ್ಟನು. ಸರ್ಕಾರ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮತ್ತೆ 1818ರಲ್ಲಿ ವಿಶ್ ಮತ್ತು ಕಿಂಡರ್ಸ್ಲಿ ಎಂಬ ಇಬ್ಬರು ಸಹಾಯಕ ಅಧಿಕಾರಿಗಳು ಅದೇ ದೇನಾಡಿನ ಹಾದಿಯಲ್ಲಿ ಹತ್ತಿ, ಮೇಲ್ನಾಡನ್ನು ದಾಟಿ, ಆಚೆ ಕಡೆಯಿಂದ ಇಳಿದರು. ಕೆಳಗೆ ಬಿಸಿಲಿನಲ್ಲಿ ಬೆಂದು ಜ್ವರದಲ್ಲಿ ನರಳುತ್ತಿದ್ದ ಸಾಹೇಬರಿಗೆ, ಮೇಲೆ ಕಂಬಳಿ ಹೊದೆಯುವ ಚಳಿ ಇದೆ ಎಂಬ ಸುದ್ದಿ ತಂದವರು ಇವರು.

ಸಲ್ಲಿವನ್ ಬಂದ ಬಗೆ

ಜಾನ್ ಸಲ್ಲಿವನ್ 1788ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. 1815ರಿಂದ 1830ರವರೆಗೆ ಕೊಯಮತ್ತೂರಿನ ಕಲೆಕ್ಟರ್ ಆಗಿದ್ದರು. 1819ರ ಜನವರಿ 2ರಂದು ಕೆಲವು ಯುರೋಪಿಯನ್ನರು ಮತ್ತು ನಮ್ಮ ದೇಶದ ಸಿಪಾಯಿಗಳ ತಂಡದೊಡನೆ ಅವರು ಬೆಟ್ಟಕ್ಕೆ ಹೊರಟರು. ಆರು ದಿನಗಳ ಕಷ್ಟದ ಏರಿನ ನಂತರ ಮೇಲ್ನಾಡು ಮುಟ್ಟಿದರು. ಆ ವರ್ಷವೇ ಮತ್ತೊಮ್ಮೆ ಬಂದರು. ಆ ಸಲ ಅವರ ಜೊತೆ ಲೆಶೆನೊ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞರಿದ್ದರು. ಕಾಯಿಲೆಯಿಂದ ಬಳಲಿದ್ದ ಅವರು ಇಲ್ಲಿಯ ಹವೆಗೆ ಚೇತರಿಸಿಕೊಂಡು ಗಿಡಮೂಲಿಕೆಗಳನ್ನು ಸಂಗ್ರಹಿಸಿಕೊಂಡು ಹೋದರು. ಸಲ್ಲಿವನ್ ಈ ನಾಡನ್ನು ಸ್ವಿಟ್ಜರ್ಲೆಂಡಿಗೆ ಹೋಲಿಸಿ ಥಾಮಸ್ ಮನ್ರೋ ಅವರಿಗೆ ಪತ್ರ ಬರೆದರು. ಮುಂದೆ ಮದರಾಸಿನ ಗವರ್ನರ್ ಆದ ಮನ್ರೋ 1826ರಲ್ಲಿ ತಾವೇ ಬೆಟ್ಟಕ್ಕೆ ಬಂದು ನೋಡಿದರು.

ಕೋತಗಿರಿ ಸುತ್ತಿನ ದಿಂಬಟ್ಟಿ, ಕನ್ನೇರಿಮುಕ್ಕು ಇವೇ ಸಲ್ಲಿವನ್ ಅವರ ಮೊದಲ ನೆಲೆಗಳು. ಉದಕಮಂಡಲ ಆಮೇಲಿನದು. ಅಲ್ಲಿ 1822ರಲ್ಲಿ ಅವರು ಆರಂಭಿಸಿದ ಕಲ್ಲಿನ ಮನೆಯನ್ನು ಜನ ಕಲ್ ಬಂಗಲೆ ಎಂದು ಕರೆದರು. ಊಟಿಯ ಕೆರೆ ಅವರು ಕಟ್ಟಿಸಿದ್ದು. ಆಲೂಗಡ್ಡೆ, ಕೋಸು ಮುಂತಾದ ಸೀಮೆ ತರಕಾರಿಗಳನ್ನು ಇಲ್ಲಿ ಬೆಳೆಸಲು ಮುಂದಾದವರೂ ಅವರೇ. ರಾಗಿ, ಸಾಮೆ, ಕೊರಲೆ ಬೆಳೆಯುತ್ತಿದ್ದ ಹೊಲದಲ್ಲಿ ಗೆಡ್ಡೆ ಬಂತು. ನಮ್ಮ ಅಂಗಡಿಯ ಮುಂದೆ ಗೋಣಿಯಲ್ಲಿ ಕೂತಿರುವ ಊಟಿ ಗೆಡ್ಡೆಯನ್ನು ನೋಡುವಾಗಲೆಲ್ಲ ಇದು ನೆನಪಾಗುತ್ತದೆ. ಅಜ್ಜ ರಾಗಿ ಹೊತ್ತು ಮೇಲೆ ತಂದರು, ಅಪ್ಪ ಗೆಡ್ಡೆಯನ್ನು ಮೂಟೆ ಕಟ್ಟಿ ಕೆಳಗೆ ಕಳಿಸಿದರು.

ಸಲ್ಲಿವನ್ ಅವರನ್ನು ಬರೀ ಹೊಗಳಿ ಮುಗಿಸಲಾಗದು, ಬರೀ ತೆಗಳಿಯೂ ಮುಗಿಸಲಾಗದು. ತೊದರ ಹುಲ್ಲುಗಾವಲನ್ನು ಬಹಳ ಅಗ್ಗದ ಬೆಲೆಗೆ ಕೊಂಡು ದೊಡ್ಡ ಜಮೀನು ಮಾಡಿಕೊಂಡವರು ಅವರು. ಹಾಗೆಯೇ, ಈ ನೆಲದ ಮೇಲೆ ತೊದರ ಹಕ್ಕು ಇದೆ, ಸರ್ಕಾರ ಅದನ್ನು ಮಾನ್ಯ ಮಾಡಬೇಕು ಎಂದು ಮೇಲಿನವರೊಡನೆ ವಾದಿಸಿದವರೂ ಅವರೇ. 1838ರಲ್ಲಿ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಆವರಣದಲ್ಲಿ ಮಣ್ಣು ಮಾಡಿದರು. ಆ ಚರ್ಚಿಗೆ ಬಳಸಿದ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ತಂದವು ಎಂಬುದನ್ನು ಅಲ್ಲಿಗೆ ಹೋದವರು ಕೇಳಿರುತ್ತೀರಿ. 1841ರಲ್ಲಿ ಬೆಟ್ಟ ಬಿಟ್ಟು ಹೋದ ಸಲ್ಲಿವನ್ 1855ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು.

ಹೊತ್ತವರ ಹೆಸರಿಲ್ಲ

ಈ ಎಲ್ಲ ಕಥೆಯಲ್ಲಿ ನನ್ನನ್ನು ಕಾಡುವ ಒಂದು ಪ್ರಶ್ನೆಯಿದೆ. ಕೀಸ್ ಸಾಹೇಬರ ಸರಪಳಿ ಹಿಡಿದವರು ಯಾರು? ಸಲ್ಲಿವನ್ ಅವರ ಡೇರೆ, ಪಾತ್ರೆ, ಪೆಟ್ಟಿಗೆಗಳನ್ನು ಆರು ದಿನ ಹೆಗಲ ಮೇಲೆ ಹೊತ್ತವರು ಯಾರು? ಬುಡದ ಕಾಡಿನ ಹಾದಿ ಬಲ್ಲವರು ಇರುಳರು, ಕುರುಂಬರು. ಮೇಲೆ ಬಂದ ಮೇಲೆ ಹಟ್ಟಿಗಳಲ್ಲಿ ಇದ್ದವರು ಬಡಗರು. ಕಬ್ಬಿಣದ ಕುಡುಗೋಲು, ಮಡಕೆ ಮಾಡಿಕೊಡುತ್ತಿದ್ದವರು ಕೋತರು. ಅವರ ಬೆಟ್ಟವೆಂದೇ ನಮ್ಮ ಊರಿಗೆ ಕೋತಗಿರಿ ಎಂಬ ಹೆಸರು. ಸಾಹೇಬರ ಹೆಸರು ಪುಸ್ತಕದಲ್ಲಿದೆ, ಹೊತ್ತವರ ಹೆಸರು ಮಣ್ಣಿನಲ್ಲಿದೆ.

ಅಮೆರಿಕ ದೇಶದಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಇಬ್ಬರು 1804ರಿಂದ 1806ರವರೆಗೆ ಪಶ್ಚಿಮ ಸಮುದ್ರದವರೆಗೆ ಹೋಗಿ ಬಂದ ಹಾದಿಯನ್ನು ಅಲ್ಲಿಯ ಸರ್ಕಾರ 1978ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹಾದಿ ಎಂದು ಘೋಷಿಸಿದೆ. ಆ ತಂಡಕ್ಕೆ ದಾರಿಯಲ್ಲಿ ದುಭಾಷಿಯಾಗಿ ನೆರವಾದ ಸಕಾಜವೀಯ ಎಂಬ ಬುಡಕಟ್ಟಿನ ಹೆಣ್ಣುಮಗಳು ಹಸುಗೂಸನ್ನು ಬೆನ್ನಿಗೆ ಕಟ್ಟಿಕೊಂಡು ನಡೆದವಳು. ಅವಳ ಚಿತ್ರವನ್ನು ನಾಣ್ಯದ ಮೇಲೂ ಅಚ್ಚು ಹಾಕಿದ್ದಾರೆ. ಇದನ್ನು ಓದಿದಾಗ, ನಮ್ಮ ದೇನಾಡಿನ ಏರಿನಲ್ಲಿ ದಾರಿ ತೋರಿದ ಒಬ್ಬ ಇರುಳನ ಹೆಸರನ್ನಾದರೂ ಅಂದಿನವರು ಬರೆದಿಡಬಾರದಿತ್ತೆ ಎಂದು ಮನಸ್ಸಿಗೆ ಅನ್ನಿಸಿತು.

ಹಾದಿ ಮರೆಯಾದುದು

ಸಲ್ಲಿವನ್ ಕಾಲದಲ್ಲಿಯೇ ಸಿರುಮುಗೈಯಿಂದ ಕೋತಗಿರಿಗೆ ಹೊಸ ದಾರಿ ಕಡಿಸಿದರು. 1823ರ ಹೊತ್ತಿಗೆ ಅದು ಮುಗಿಯಿತು. ಹತ್ತು ವರ್ಷದೊಳಗೆ ಕೂನೂರಿನ ಘಾಟಿ ರಸ್ತೆ ಬಂತು, ಜನರ ಓಡಾಟ ಆ ಕಡೆಗೆ ತಿರುಗಿತು. 1899ರಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿಗೆ ಹಲ್ಲುಗಾಲಿಯ ರೈಲು ಹತ್ತಿತು, 1908ರಲ್ಲಿ ಅದು ಊಟಿ ಮುಟ್ಟಿತು. 2005ರಲ್ಲಿ ಆ ರೈಲಿಗೆ ವಿಶ್ವ ಪರಂಪರೆಯ ಮಾನ್ಯತೆಯೂ ದೊರಕಿತು. ಸಂತೋಷ. ಆದರೆ ದೇನಾಡಿನ ಹಳೆಯ ಏರಿಗೆ ಉಳಿದದ್ದು ನಮ್ಮ ಅಜ್ಜನಂತಹ ಹೇರೆತ್ತಿನವರು ಮಾತ್ರ. 1955ರಲ್ಲಿ ಹಾದಿಯ ಬುಡದ ಊರೇ ನೀರಿನಲ್ಲಿ ಮುಳುಗಿದ ಮೇಲೆ ಅವರೂ ನಿಂತರು. ಅಪ್ಪ ಕೋತಗಿರಿಯಲ್ಲಿಯೇ ಅಂಗಡಿ ಹಾಕಿದರು. ನಾನು ಶಾಲೆಗೆ ತಾಳವಾಡಿಗೆ ಹೋಗಿ ಬರುತ್ತಿದ್ದುದು ಬಸ್ಸಿನಲ್ಲಿ. ಮೆಟ್ಟುಪಾಳ್ಯ, ಸತ್ಯಮಂಗಲ, ಬಣ್ಣಾರಿ ಅಮ್ಮನಿಗೆ ಕೈಮುಗಿದು ದಿಂಬದ 27 ತಿರುವು ಹತ್ತಬೇಕು. ಅಜ್ಜ ನೆಟ್ಟಗೆ ನಡೆದದ್ದನ್ನು ನಾನು ಸುತ್ತಿ ಬರುತ್ತಿದ್ದೆ.

ಬುಡದ ಕಡೆಯ ಕಾಡು ಇಂದು ಅರಣ್ಯ ಇಲಾಖೆಯ ರಕ್ಷಣೆಯಲ್ಲಿದೆ. 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಲ್ಲಿ ಅನುಮತಿ ಇಲ್ಲದೆ ಕಾಲಿಡುವುದು ಅಪರಾಧ, ಅಪಾಯವೂ ಹೌದು. ಹಾಗಾಗಿ ಈ ಲೇಖನ ಓದಿ ಯಾವ ಹುಡುಗನೂ ಹಾದಿ ಹುಡುಕುತ್ತೇನೆಂದು ಕಾಡಿಗೆ ಇಳಿಯಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಆನೆಗೆ ಇತಿಹಾಸ ಗೊತ್ತಿಲ್ಲ.

ಉಳಿದವು ಕೆಲವಿವೆ. ಕನ್ನೇರಿಮುಕ್ಕಿನ ಸಲ್ಲಿವನ್ ಬಂಗಲೆ ಬಹುಕಾಲ ಪಾಳುಬಿದ್ದಿತ್ತು. ಜಿಲ್ಲಾ ಆಡಳಿತ ಮುತುವರ್ಜಿ ವಹಿಸಿ 2002ರಲ್ಲಿ ಅದನ್ನು ರಿಪೇರಿ ಮಾಡಿಸಿತು. ಇಂದು ಅದು ಸ್ಮಾರಕವಾಗಿದೆ, ಹಳೆಯ ಚಿತ್ರಗಳು ಅಲ್ಲಿವೆ. 2022ರಲ್ಲಿ ಊಟಿಗೆ ಇನ್ನೂರು ವರ್ಷ ತುಂಬಿತೆಂದು ಉತ್ಸವ ನಡೆದು, ಊಟಿಯಲ್ಲಿ ಸಲ್ಲಿವನ್ ಪ್ರತಿಮೆಯನ್ನು ತಮಿಳುನಾಡಿನ ಮುಖ್ಯಮಂತ್ರಿಗಳು ಅನಾವರಣ ಮಾಡಿದರು. ಮನೆ ಉಳಿಯಿತು, ಮೂರ್ತಿ ನಿಂತಿತು. ಹಾದಿಯ ಕಲ್ಲುಗಳನ್ನು ಉಳಿಸುವವರು ಯಾರು? ಇಲ್ಲಿಗೆ ನನ್ನ ತಪ್ಪಿನ ಕಥೆ ಬರುತ್ತದೆ.

ನಮ್ಮ ಕೈಯಾರೆ ಆದ ತಪ್ಪು

ನಮ್ಮ ಗುಡಿಯ ಹಿಂದಿನ ಇಳಿಜಾರಿನಲ್ಲಿ, ಹಟ್ಟಿಗೆ ಹೋಗುವ ಕಾಲುದಾರಿಯ ಪಕ್ಕದಲ್ಲಿ, ಒಂದು ಹೊರೆಗಲ್ಲು ಇತ್ತು. ಈಗಿನ ಮಕ್ಕಳಿಗೆ ಅದೇನೆಂದು ಗೊತ್ತಿರಲಾರದು. ಎರಡು ಕಲ್ಲು ನೆಟ್ಟಗೆ ನಿಲ್ಲಿಸಿ ಅವುಗಳ ಮೇಲೆ ಎದೆಯೆತ್ತರಕ್ಕೆ ಒಂದು ಚಪ್ಪಡಿ ಅಡ್ಡ ಇಟ್ಟಿರುತ್ತಾರೆ. ತಲೆಹೊರೆ ಹೊತ್ತು ಬಂದವನು ಇನ್ನೊಬ್ಬರ ಕೈ ಕಾಯದೆ ತಾನೇ ಹೊರೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಾನೇ ತಲೆಗೇರಿಸಿಕೊಂಡು ಹೋಗಲು ಅನುಕೂಲ. ತಮಿಳಿನಲ್ಲಿ ಸುಮೈತಾಂಗಿ ಎನ್ನುತ್ತಾರೆ. ದೇನಾಡಿನ ಕಡೆಯಿಂದ ಬಂದ ಅಜ್ಜನ ಹೊರೆ ಕೊನೆಯ ಸಲ ಇಳಿಯುತ್ತಿದ್ದುದು ಅಲ್ಲಿಯೇ.

2009ರಲ್ಲಿ ಗುಡಿಯ ದಾಸೋಹದ ಅಡಿಗೆ ಮನೆ ಕಟ್ಟಿಸಿದೆವು. ಸಾಮಾನಿನ ಲಾರಿ ಹತ್ತಿರ ಬರಲು ಕಾಲುದಾರಿ ಅಗಲ ಮಾಡಬೇಕಾಯಿತು. ಹೊರೆಗಲ್ಲು ಅಡ್ಡ ಬಂತು. ಕಟ್ಟಡದ ಲೆಕ್ಕ ನನ್ನ ಕೈಯಲ್ಲಿತ್ತು. ಹೊಸ ಕಲ್ಲು ತರಿಸುವುದಕ್ಕಿಂತ ಇದನ್ನೇ ಬಳಸಿದರೆ ದುಡ್ಡು ಉಳಿಯುತ್ತದೆಂದು ಹೇಳಿದವನು ನಾನೇ. ಕಂಬದ ಕಲ್ಲುಗಳಲ್ಲಿ ಒಂದನ್ನು ಒಡೆದು ಅಡಿಪಾಯಕ್ಕೆ ಹಾಕಿದರು. ಇನ್ನೊಂದು ಇಂದಿಗೂ ಹಿತ್ತಿಲಿನಲ್ಲಿ ಬಿದ್ದಿದೆ. ಮೇಲಿನ ಚಪ್ಪಡಿಯನ್ನು ಅಡಿಗೆ ಮನೆಯ ಬಾಗಿಲಿಗೆ ಮೆಟ್ಟಿಲು ಮಾಡಿದರು. ಸ್ವಾಮಿಯ ಹಣ ಉಳಿಸಿದೆನೆಂದು ಅಂದು ನನಗೆ ಹೆಮ್ಮೆಯೇ ಆಗಿತ್ತು.

ಆ ವರ್ಷದ ಜಾತ್ರೆಗೆ ಹಟ್ಟಿಯ ಒಬ್ಬ ಅಜ್ಜಿ ಬಂದರು. ಎಂಬತ್ತು ದಾಟಿದವರು. ಪ್ರಸಾದ ತೆಗೆದುಕೊಳ್ಳದೆ ಅತ್ತ ಇತ್ತ ನೋಡುತ್ತಿದ್ದರು. "ಏನು ಬೇಕಮ್ಮ" ಎಂದೆ. "ನಮ್ಮ ಮಾವ ಹೊರೆ ಇಳಿಸುತ್ತಿದ್ದ ಕಲ್ಲು ಎಲ್ಲಿ ಮಗಾ? ಮದುವೆಯಾಗಿ ಬಂದ ದಿನ ನನ್ನ ಬಟ್ಟೆಯ ಗಂಟನ್ನು ಅದರ ಮೇಲೆಯೇ ಇಟ್ಟಿದ್ದೆ" ಎಂದರು. ನಾನು ಮಾತಾಡಲಿಲ್ಲ. ಅವರು ನಿಂತಿದ್ದುದು ಅದೇ ಚಪ್ಪಡಿಯ ಮೇಲೆ. ಹೇಳಲು ನನಗೆ ಧೈರ್ಯ ಬರಲಿಲ್ಲ. ಮುಂದಿನ ಜಾತ್ರೆಗೆ ಅವರು ಇರಲಿಲ್ಲ.

ಪುಸ್ತಕದಲ್ಲಿ ಹೊತ್ತವರ ಹೆಸರು ಬರೆಯಲಿಲ್ಲವೆಂದು ಸಾಹೇಬರನ್ನು ದೂರುವ ನಾನು, ಹೊತ್ತವರ ಒಂದೇ ಗುರುತಾಗಿದ್ದ ಕಲ್ಲನ್ನು ಕೈಯಾರೆ ಒಡೆಸಿದೆ. ಸಾಹೇಬರಿಗೆ ಗೊತ್ತಿರಲಿಲ್ಲ ಎನ್ನಬಹುದು. ನನಗೆ ಗೊತ್ತಿತ್ತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಸ್ವಾಮಿಯ ಸಂಚಿಕೆಯಲ್ಲಿ ಸುಳ್ಳು ಬರೆಯಲಾರದೆ ಹೇಳುತ್ತಿದ್ದೇನೆ.

ಭಕ್ತರಲ್ಲಿ ಬಿನ್ನಹ

ಹಿಂದಿನದನ್ನು ಮರಳಿ ತರಲಾಗದು. ಕೈಲಾದಷ್ಟನ್ನು ಮಾಡಬಹುದು. ಟ್ರಸ್ಟಿನ ಮುಂದೆ ಈ ಕೆಳಗಿನ ಸಲಹೆಗಳನ್ನು ಇಡುತ್ತಿದ್ದೇನೆ. ಭಕ್ತರ ಒಪ್ಪಿಗೆ ಬೇಕು.

ಮೊದಲನೆಯದಾಗಿ, ಅಡಿಗೆ ಮನೆಯ ಮೆಟ್ಟಿಲಾಗಿರುವ ಚಪ್ಪಡಿಯನ್ನು ಎಬ್ಬಿಸಿ, ಉಳಿದ ಒಂದು ಕಂಬಕ್ಕೆ ಜೊತೆಯಾಗಿ ಇನ್ನೊಂದು ಕಲ್ಲು ಕಡಿಸಿ, ಕಾಲುದಾರಿಯ ಪಕ್ಕದಲ್ಲಿ ಹೊರೆಗಲ್ಲನ್ನು ಮತ್ತೆ ನಿಲ್ಲಿಸಬೇಕು. ಹೊಸ ಕಂಬದ ಮೇಲೆ ಅದು ಹೊಸದು ಎಂದು ವರ್ಷವನ್ನು ಕೆತ್ತಿಸಬೇಕು. ಹಳೆಯದೆಂದು ನಂಬಿಸುವುದು ಬೇಡ. ಹೊಸ ಮೆಟ್ಟಿಲಿನ ಖರ್ಚೂ ಕಂಬದ ಖರ್ಚೂ ನನ್ನದು. ಅಂದು ಉಳಿಸಿದ್ದನ್ನು ಇಂದು ಕೊಡುತ್ತಿದ್ದೇನೆ ಅಷ್ಟೆ.

ಎರಡನೆಯದಾಗಿ, ಅದರ ಪಕ್ಕದಲ್ಲಿ ಕನ್ನಡ, ತಮಿಳು ಎರಡರಲ್ಲೂ ಒಂದು ಫಲಕ ಇರಬೇಕು. 1117ರ ಪುಣಿಸ, 1603ರ ಫೆನಿಸಿಯೊ, 1812ರ ಕೀಸ್, 1818ರ ವಿಶ್ ಮತ್ತು ಕಿಂಡರ್ಸ್ಲಿ, 1819ರ ಸಲ್ಲಿವನ್ ಇವರೆಲ್ಲರ ಹೆಸರಿರಲಿ. ಎಲ್ಲಕ್ಕಿಂತ ಮೇಲೆ, ಈ ಹಾದಿಯನ್ನು ಅವರಿಗಿಂತ ಮೊದಲೇ ಸವೆಸಿದ ಇರುಳ, ಕುರುಂಬ, ಕೋತ, ತೊದ, ಬಡಗ ಜನರ ಹೆಸರಿರಲಿ.

ಮೂರನೆಯದಾಗಿ, ಹಟ್ಟಿಗಳಲ್ಲಿ ಈ ಹಾದಿಯಲ್ಲಿ ನಡೆದವರು ಇನ್ನೂ ನಾಲ್ಕಾರು ಮಂದಿ ಇದ್ದಾರೆ. ಎಲ್ಲಿ ನೀರು ಸಿಗುತ್ತಿತ್ತು, ಎಲ್ಲಿ ತಂಗುತ್ತಿದ್ದರು, ಯಾವ ಬಂಡೆಗೆ ಏನು ಹೆಸರು ಎಂಬುದು ಅವರ ಬಾಯಲ್ಲಿದೆ. ನಮ್ಮ ಯುವಕರು ಫೋನಿನಲ್ಲಿ ಸಿನಿಮಾ ನೋಡುವ ಹೊತ್ತಿನಲ್ಲಿ ಅರ್ಧ ಗಂಟೆ ಅವರ ಮಾತನ್ನು ಅದೇ ಫೋನಿನಲ್ಲಿ ಹಿಡಿದಿಟ್ಟರೆ ಸಾಕು, ದೊಡ್ಡ ಸೇವೆಯಾಗುತ್ತದೆ. ನಿಮ್ಮ ಮನೆಯ ಹಿರಿಯರಿಂದಲೇ ಆರಂಭಿಸಿ.

ಕೋತಗಿರಿಯಿಂದ ಸುಮಾರು 18 ಕಿಲೋಮೀಟರ್ ದೂರದ ಕೊಡನಾಡಿಗೆ ಹೋದವರು ಅಲ್ಲಿಯ ಅಂಚಿನಲ್ಲಿ ನಿಂತು ನೋಡಿ. ಇರುಳರು ಪೂಜೆ ಸಲ್ಲಿಸುವ ರಂಗಸ್ವಾಮಿ ಬೆಟ್ಟ ಒಂದು ಕಡೆ, ಕೆಳಗೆ ದಾರದ ಎಳೆಯಂತೆ ಹರಿಯುವ ಮೋಯಾರ್, ಅದರ ಆಚೆ ತಾಳಮಲೆಯ ಸಾಲು, ದೂರದಲ್ಲಿ ಭವಾನಿಸಾಗರದ ನೀರು. ಮೋಡವಿಲ್ಲದ ದಿನ ಅಜ್ಜ ನಡೆದ ದಾರಿಯೆಲ್ಲ ಒಂದೇ ನೋಟದಲ್ಲಿ ಸಿಗುತ್ತದೆ. ಪ್ರವಾಸಿಗಳು ಅಲ್ಲಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಾನು ಹೋದಾಗ ಒಂದು ತೆಂಗಿನಕಾಯಿ ತೆಗೆದುಕೊಂಡು ಹೋಗುತ್ತೇನೆ. ನೀರಿನ ಕೆಳಗಿರುವ ಸ್ವಾಮಿಯ ದಿಕ್ಕಿಗೆ ತಿರುಗಿ ಒಡೆಯುತ್ತೇನೆ.

ಈ ವರ್ಷದ ಜಾತ್ರೆಯಲ್ಲಿ ತೇರು ಹೊರಡುವ ಮೊದಲು ಆ ಒಂದು ಕಾಯಿಯನ್ನು ನಮ್ಮ ಗುಡಿಯ ಮುಂದೆಯೇ, ಎಲ್ಲ ಭಕ್ತರ ಸಮ್ಮುಖದಲ್ಲಿ, ದಣಾಯಕನಕೋಟೆಯ ದಿಕ್ಕಿಗೆ ಒಡೆಯಲು ಟ್ರಸ್ಟು ಒಪ್ಪಿದೆ. ಹೊರೆಗಲ್ಲಿನ ವಿಚಾರದ ತೀರ್ಮಾನ ತಮ್ಮದು. ಜಾತ್ರೆಯ ಮರುದಿನದ ಸಭೆಗೆ ಎಲ್ಲರೂ ದಯಮಾಡಿ ಬರಬೇಕು.

ಹೊತ್ತು ನಡೆದವರನ್ನೂ, ಅವರು ನಡೆದ ಹಾದಿಯಲ್ಲಿ ಇಂದು ಹಗುರಾಗಿ ನಡೆಯುತ್ತಿರುವ ನಮ್ಮನ್ನೂ ಸ್ವಾಮಿಯು ಕಾಪಾಡಲಿ.

ಇಂತಿ ತಮ್ಮ ವಿಧೇಯ,
ದೇವಸ್ಥಾನದ ಒಬ್ಬ ಧರ್ಮದರ್ಶಿ